ಮಾಳಿಗೆಗೆ ಮೆತ್ತಿದ ಮಣ್ಣು

ತೂತ್‌ದರಾ
ಮೀಜಾನ್ ೯, ೧೩೮೮

ಶಗೂಫಾ,

ಕಾಗದ ಬಿಚ್ಚಿದ ಕೂಡಲೇ ಕೊನೆಯ ಸಾಲಿಗೆ ಹಾರಬೇಡ. ನಿನ್ನ ಚಾಳಿ ನನಗೆ ಗೊತ್ತು. ರೊಟ್ಟಿಯ ನಡುವಿನ ಮೆತ್ತಗಿನದನ್ನು ತಿಂದು ಅಂಚನ್ನು ಕೋಳಿಗೆ ಎಸೆಯುತ್ತಿದ್ದವಳು ನೀನು. ನೆಟ್ಟಗೆ ಕೂತು ಮೊದಲಿನಿಂದ ಓದು. ಬೇಸಿಗೆಯಿಂದ ಬರೆಯುತ್ತಲೇ ಇದ್ದೇನೆ, ನಿನ್ನಿಂದ ಒಂದು ಗೀಟೂ ಇಲ್ಲ. ಆ ಸೂಲಗಿತ್ತಿ ಶಾಲೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿಸುತ್ತಾರೆ, ಹೆತ್ತವರ ಹೆತ್ತವಳಿಗೆ ಉತ್ತರ ಬರೆಯುವುದನ್ನು ಕಲಿಸುವುದಿಲ್ಲವೇನು? ಮುಲ್ಲಾನ ಹೆಂಡತಿ ಕಲಿಸಿದ ನಾಲ್ಕಕ್ಷರದಲ್ಲಿ ನಾನು ಇಷ್ಟು ಗೀಚುತ್ತೇನೆ. ಪಟ್ಟಣದಲ್ಲಿ ಪುಸ್ತಕ ಓದುವ ನಿನಗೆ ಕೈಗೆ ಏನು ಬಂದಿದೆ?

ನಿನ್ನ ಅಣ್ಣ ಖೈರುದ್ದೀನನ ಹೆಂಡತಿಯ ವಿಷಯ. ನೋರಿಯಾಳಿಗೆ ಆರನೇ ತಿಂಗಳು ಹತ್ತಿರ ಬಂತು. ದಲ್ವ್ ತಿಂಗಳು ಹುಟ್ಟುವ ಹೊತ್ತಿಗೆ ಹೆರುತ್ತಾಳೆ, ಅಂದರೆ ಹಿಮ ಎದೆಮಟ್ಟ ಬಿದ್ದಿರುವಾಗ. ಕಾಲು ಈಗಲೇ ಊದಿದೆ. ಬೆರಳಿನಿಂದ ಒತ್ತಿದರೆ ಕಲಸಿದ ಹಿಟ್ಟಿನ ಹಾಗೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. ಹೋದ ಸಲ ಆದದ್ದು ನೀನು ಕಣ್ಣಾರೆ ಕಂಡವಳು. ಕೈಕಾಲು ಸೆಟೆದು, ಹಲ್ಲು ಕಚ್ಚಿ, ಬಾಯಲ್ಲಿ ನೊರೆ ಬಂದು, ಕೂಸು ಉಸಿರಿಲ್ಲದೆ ಹುಟ್ಟಿತು. ಊರವರು ಜಿನ್ನು ಹಿಡಿದಿದೆ ಅಂದರು. ನೀನು ಮಾತ್ರ ಅದು ಜಿನ್ನಲ್ಲ, ರಕ್ತದ ಒತ್ತಡ ಎಂದೆ. ಆ ಮಾತಿಗೇ ಊರ ಯಜಮಾನ ಅರ್ಬಾಬ್ ಮತ್ತು ಹಿರಿಯರೆಲ್ಲ ಹೆಬ್ಬೆಟ್ಟು ಒತ್ತಿ, ಊರ ಪರವಾಗಿ ನಿನ್ನನ್ನು ಶಾಲೆಗೆ ಕಳಿಸಿದ್ದು. ಕಲಿತು ವಾಪಸ್ಸು ಬರುತ್ತಾಳೆ ಎಂದು ಒತ್ತಿದ ಹೆಬ್ಬೆಟ್ಟು ಅದು. ಪಟ್ಟಣದಲ್ಲಿ ಬೇರು ಬಿಡಲಿ ಎಂದಲ್ಲ.

ಪರದೇಶಿ ಸೈನಿಕರು ಕಟ್ಟಿಕೊಟ್ಟ ದವಾಖಾನೆಯ ಬೀಗದ ಕೈ ಇನ್ನೂ ನನ್ನ ಸೊಂಟದಲ್ಲಿದೆ. ವಾರಕ್ಕೊಮ್ಮೆ ಗುಡಿಸುತ್ತೇನೆ. ಒಳಗೆ ಹೆರಿಗೆ ಮಂಚವಿದೆ, ಬಿಳಿ ದೀಪವಿದೆ, ಎಲ್ಲ ಇದೆ. ಸೂಲಗಿತ್ತಿ ಇಲ್ಲ. ಹೆಣ್ಣಿಲ್ಲದ ಮದುವೆ ಮನೆಯ ಹಾಗೆ ನಿಂತಿದೆ.

ಇನ್ನೊಂದು. ಕಮಾಂಡರ್ ಹೈಬತ್‌ನ ಬಂದೂಕಿನವರು ಸೇತುವೆಗೆ ವಾಪಸ್ಸು ಬಂದಿದ್ದಾರೆ. ಫೋನಿನ ಗೋಪುರ ಉರುಳಿಸಿದ್ದೂ ಅವರೇ. ಊರ ಹೆಂಗಸರನ್ನು ಪಟ್ಟಣದ ಕಡೆಗೆ ದಾಟಲು ಬಿಡುವುದಿಲ್ಲ. ಪಟ್ಟಣದಿಂದ ಬರುವ ಕಾಗದಗಳನ್ನೆಲ್ಲ ಬಿಚ್ಚಿ ಓದುತ್ತಾರೆ. ಇಲ್ಲಿಂದ ಹೋಗುವ ಕಾಗದ ಅವರಿಗೆ ಬೇಡ, ಮುದುಕಿ ಬರೆದದ್ದನ್ನು ಯಾರು ಓದುತ್ತಾರೆ. ಆದ್ದರಿಂದ ಹೇಳಬೇಕಾದ್ದನ್ನು ನಾನು ಹೇಳುತ್ತೇನೆ, ನೀನು ಎಚ್ಚರದಿಂದ ಬರಿ.

ಹಿಮ ಬೀಳುವ ಮೊದಲು ಬಾ. ಉಪ್ಪು ಮಾರುವ ಸಮದ್ ಈ ಕಾಗದ ತರುತ್ತಾನೆ. ಅವನ ಹೇಸರಗತ್ತೆಯ ಹಿಂದೆಯೇ ನಡೆದು ಬಾ.

ನಿನ್ನ ಅಜ್ಜಿ,
ಬಕ್ತಾವರ್


ಸೂಲಗಿತ್ತಿ ಶಾಲೆ
ಮೀಜಾನ್ ೨೭, ೧೩೮೮

ಪ್ರೀತಿಯ ಬೀಬಿಜಾನ್,

ನಿನ್ನ ಕೈಗೆ ಮುತ್ತು. ಈಗ ಬರಲಾಗುವುದಿಲ್ಲ. ಚಳಿಗಾಲದ ಕೊನೆಗೆ, ಹೂತ್ ತಿಂಗಳಲ್ಲಿ ಪರೀಕ್ಷೆ ಇದೆ. ನಡುವೆ ಶಾಲೆ ಬಿಟ್ಟರೆ ಪ್ರಮಾಣಪತ್ರ ಕೊಡುವುದಿಲ್ಲ. ಪತ್ರವಿಲ್ಲದ ಸೂಲಗಿತ್ತಿಗೆ ಔಷಧ ಯಾರೂ ಕೊಡುವುದಿಲ್ಲ.

ಅತ್ತಿಗೆಗೆ ಹೀಗೆ ಮಾಡು. ಉಪ್ಪು ಹಾಕಿದ ಚಹಾ ನಿಲ್ಲಿಸು. ಅವಳು ಅತ್ತರೂ ಕೊಡಬೇಡ. ಎಡ ಮಗ್ಗುಲಿಗೆ ಮಲಗಿಸು. ನೀರು ಹೊರಲು, ತಂದೂರಿನ ಮುಂದೆ ಬಗ್ಗಲು ಬಿಡಬೇಡ. ತಲೆ ಸಿಡಿಯುತ್ತದೆ ಎಂದರೆ, ಕಣ್ಣ ಮುಂದೆ ಕಪ್ಪು ಚುಕ್ಕೆ ಕುಣಿಯುತ್ತವೆ ಎಂದರೆ, ಎದೆಗುಂಡಿಯ ಕೆಳಗೆ ನೋವು ಎಂದರೆ ಅದೇ ದಿನ ನನಗೆ ಬರಿ.

ದವಾಖಾನೆಯನ್ನು ನಾನು ಬಿಟ್ಟು ಬಂದ ಹಾಗೆಯೇ ಇಟ್ಟಿರು. ಒಳಗಾಗಲಿ ಹೊರಗಾಗಲಿ ಏನನ್ನೂ ಬದಲಿಸಬೇಡ. ಇದನ್ನು ಎರಡು ಸಲ ಓದು, ಬೀಬಿಜಾನ್.

ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ.

ನಿನ್ನ,
ಶಗೂಫಾ


ತೂತ್‌ದರಾ
ಅಕ್ರಬ್ ೧೪, ೧೩೮೮

ಊಟ ಚೆನ್ನಾಗಿರುವ ಶಗೂಫಾ ಖಾನಂ ಅವರಿಗೆ,

ನಿನ್ನ ಕಾಗದ ಸೇತುವೆಯಲ್ಲಿ ಹೈಬತ್‌ನ ಹುಡುಗರ ಜಿಡ್ಡು ಬೆರಳನ್ನೆಲ್ಲ ಒರೆಸಿಕೊಂಡು ಬಂದು ತಲುಪಿತು. ಅದರಲ್ಲಿ ಓದುವುದಕ್ಕೆ ಅವರಿಗೂ ಏನೂ ಸಿಗಲಿಲ್ಲ, ನನಗೂ ಸಿಗಲಿಲ್ಲ. ಉಪ್ಪು ಬೇಡ, ಎಡಕ್ಕೆ ಮಲಗು. ಇದನ್ನು ಹೇಳುವುದಕ್ಕೆ ಎರಡು ವರ್ಷದ ಶಾಲೆ!

ಆದರೂ ಹೇಳಿದ ಹಾಗೆ ಮಾಡುತ್ತಿದ್ದೇನೆ. ನೋರಿಯಾ ಉಪ್ಪಿಲ್ಲದ ಚಹಾ ಕುಡಿದು ಮುಖ ಸಿಂಡರಿಸುತ್ತಾಳೆ.

"ಬೀಬಿಜಾನ್, ಇದು ಚಹಾನಾ? ಪಾತ್ರೆ ತೊಳೆದ ನೀರಿನ ಹಾಗಿದೆ."

"ನಿನ್ನ ನಾದಿನಿಯ ಅಪ್ಪಣೆ ಕಣೆ. ಬೈಯೋದಿದ್ದರೆ ಅವಳನ್ನು ಬೈಯಿ."

"ಅವಳು ಯಾವಾಗ ಬರ್ತಾಳೆ?"

ಬರುತ್ತಾಳೆ ಬಿಡು ಎನ್ನುತ್ತೇನೆ. ಅವಳಿಗೆ ನಿನ್ನ ಮೇಲೆ ಎಂಥ ನಂಬಿಕೆಯೆಂದರೆ, ಈ ಸಲ ಕೂಸಿಗೆ ಅಂಗಿ ಹೊಲಿಯುತ್ತಿದ್ದಾಳೆ. ಹೋದ ಸಲದ ಅಂಗಿಗಳನ್ನು ಅವಳೇ ಸುಟ್ಟಿದ್ದಳು, ಅದು ನಿನಗೆ ಗೊತ್ತಿಲ್ಲ.

ತಲೆನೋವು ಶುರುವಾಗಿದೆ. ಚುಕ್ಕೆ ಕುಣಿಯುತ್ತವೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತಾಳೆ. ನನ್ನನ್ನು ಹೆದರಿಸಬಾರದೆಂದು ಹಾಗೆ ಹೇಳುತ್ತಾಳೆ ಎಂದು ನನಗೆ ಅನುಮಾನ. ನಿನ್ನೆ ಬಾಗಿಲಲ್ಲಿ ನಿಂತ ನನ್ನನ್ನು ಯಾರು ಎಂದು ಕೇಳಿದಳು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದಳು ಆಮೇಲೆ. ಆ ಬಾಗಿಲಿಗೆ ಬಿಸಿಲೇ ಬರುವುದಿಲ್ಲ.

ದವಾಖಾನೆಗೆ ಏನೂ ಆಗಿಲ್ಲ. ಅದರ ಚಿಂತೆ ನಿನಗೆ ಬೇಡ. ಒಳ್ಳೆಯ ಸ್ಥಿತಿಯಲ್ಲಿದೆ.

ಈಗ ಬೇರೆ ಮಾತು. ಸಮದ್ ಒಂದು ಸುದ್ದಿ ತಂದ. ಮರಳಿನ ಚೀಲ ಪೇರಿಸಿದ ಆ ಪರದೇಶಿ ಸೈನಿಕರ ಠಾಣೆಯ ಫಾಟಕದ ಮುಂದೆ ನೀನು ನಿಂತಿದ್ದೆಯಂತೆ. ಒಂದು ದಿನವಲ್ಲ, ಅವನು ಉಪ್ಪು ಇಳಿಸಲು ಹೋದಾಗಲೆಲ್ಲ. ಜೊತೆಗೆ ಒಬ್ಬ ಗಂಡಸು, ದುಭಾಷಿ, ಕಪ್ಪು ಕನ್ನಡಕದವನು.

"ತಪ್ಪು ತಿಳ್ಕೋಬೇಡಿ ಬೀಬಿ, ಕಂಡದ್ದು ಹೇಳಿದೆ ಅಷ್ಟೆ" ಅಂದ ಸಮದ್.

"ಕಂಡದ್ದನ್ನ ನುಂಗೋಕೆ ನಿನ್ನ ಹತ್ತಿರ ಅಷ್ಟೊಂದು ಉಪ್ಪಿದೆಯಲ್ಲೋ!" ಅಂದೆ ನಾನು.

ಆದರೆ ಎದೆಗೆ ನಾಟಿತು, ಶಗೂಫಾ. ಇಲ್ಲಿ ಅತ್ತಿಗೆಯ ಕಣ್ಣು ಮಂಜಾಗುತ್ತಿದೆ, ಅಲ್ಲಿ ನೀನು ಫಾಟಕದ ಮುಂದೆ ಕನ್ನಡಕದವನ ಜೊತೆ. ಇದಕ್ಕೇನಾ ಪರೀಕ್ಷೆ ಎನ್ನುವುದು? ನಿನ್ನ ಅಣ್ಣನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅವನು ಬಂದು ನಿನ್ನ ಜಡೆ ಹಿಡಿದು ಎಳೆದು ತರುತ್ತಾನೆ. ಒಂದು ಲೆಕ್ಕಕ್ಕೆ ಅದೇ ಒಳ್ಳೆಯದಿತ್ತು.

ಬಕ್ತಾವರ್


ಸೂಲಗಿತ್ತಿ ಶಾಲೆ
ಅಕ್ರಬ್ ೨೯, ೧೩೮೮

ಬೀಬಿಜಾನ್,

ಸಮದ್ ಕಂಡದ್ದು ನಿಜ. ಕೆಲಸವಿತ್ತು, ಹೋಗಿದ್ದೆ. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನೀನು ನನ್ನನ್ನು ಏನೆಂದು ತಿಳಿದರೂ ತಿಳಿದುಕೋ.

ಬರುವ ಕೌಸ್ ತಿಂಗಳ ಎರಡನೇ ಗುರುವಾರ ನೋರಿಯಾ ಅತ್ತಿಗೆಯನ್ನು ಬೆಳಗಿನಿಂದ ದವಾಖಾನೆಯಲ್ಲೇ ಇರಿಸು. ಇರುವ ಬೆಚ್ಚನೆಯ ಬಟ್ಟೆಯನ್ನೆಲ್ಲ ಉಡಿಸು. ದಾರಿಗೆ ಆಗುವಷ್ಟು ಒಣ ಹಿಪ್ಪುನೇರಳೆ ಗಂಟು ಕಟ್ಟಿಡು. ಅಣ್ಣ ಜೊತೆಗಿರಲಿ. ಯಾಕೆ ಎಂದು ಕೇಳಬೇಡ. ನನ್ನನ್ನು ನಂಬು.

ಶಗೂಫಾ


ತೂತ್‌ದರಾ
ಕೌಸ್ ೧೬, ೧೩೮೮

ಮಾತು ಕೊಟ್ಟು ತಪ್ಪುವ ಹುಡುಗಿ,

ಎಲ್ಲಿ ಸತ್ತಿದ್ದೆ ನೀನು?

ಗುರುವಾರ ಎಂದು ಬರೆದೆ. ಗಂಟು ಕಟ್ಟು, ಬೆಚ್ಚಗೆ ಉಡಿಸು ಎಂದೆ. ನಾನೇನು ಮೂರ್ಖಳೇ, ಅಷ್ಟು ಓದಿದರೆ ತಿಳಿಯುವುದಿಲ್ಲವೇ? ಸೇತುವೆ ತಪ್ಪಿಸಿ ನೀನೇ ಘಟ್ಟ ದಾಟಿ ಬರುತ್ತಿದ್ದೀಯೆ, ಬಂದು ಅವಳನ್ನು ಕರೆದುಕೊಂಡು ಹೋಗುತ್ತೀಯೆ ಎಂದುಕೊಂಡೆ. ಇದ್ದ ಒಂದು ಕೋಳಿ ಕೊಯ್ದೆ. ಖೈರುದ್ದೀನ್ ಬೆಳಕು ಹರಿಯುವಾಗಲೇ ನಿನ್ನನ್ನು ಎದುರುಗೊಳ್ಳಲು ಘಟ್ಟಕ್ಕೆ ಹತ್ತಿದ. ನೋರಿಯಾ ಮೂರು ಅಂಗಿ ಒಂದರ ಮೇಲೊಂದು ತೊಟ್ಟು ಹೆರಿಗೆ ಮಂಚದ ಮೇಲೆ ಹೊಸ ಮದುಮಗಳ ಹಾಗೆ ಕೂತಿದ್ದಳು.

ನೀನು ಬರಲಿಲ್ಲ. ಬಂದದ್ದು ಹೆಲಿಕಾಪ್ಟರ್.

ಸೇತುವೆಯ ಕಡೆಯಿಂದ ಗುಡುಗುತ್ತ ಬಂತು. ಹಿಂದೊಮ್ಮೆ ಪಕ್ಕದ ಕಣಿವೆಯಲ್ಲಿ ಕುರಿ ಕಾಯುವವರನ್ನು ಬಂದೂಕಿನವರೆಂದು ತಿಳಿದು ಮೇಲಿನಿಂದ ಹೊಡೆದದ್ದು ನನ್ನ ಕಣ್ಣ ಮುಂದೆ ಬಂತು. ಘಟ್ಟದ ದಾರಿಯಲ್ಲಿ ನನ್ನ ಮೊಮ್ಮಗ ಇದ್ದಾನೆ, ಮೊಮ್ಮಗಳೂ ಇರಬಹುದು. ಇಲ್ಲಿ ಯಾರೂ ಇಲ್ಲ ಎಂದು ಕಂಡರೆ ಹೋಗಿಬಿಡುತ್ತಾರೆ ಎನಿಸಿತು. ಓಣಿಗೆ ಇಳಿದು ಗಂಟಲು ಹರಿಯುವ ಹಾಗೆ ಕೂಗಿದೆ.

"ಒಳಗೆ ಹೋಗ್ರೇ! ತಂದೂರಿಗೆ ನೀರು ಹುಯ್ಯಿರಿ! ಹೊಗೆ ಕಾಣಬಾರದು! ಒಂದು ಕೋಳಿನೂ ಹೊರಗಿರಬಾರದು!"

ಹೊಗೆ ಆರಿತು. ಊರು ಸತ್ತ ಹಾಗಾಯಿತು. ಅದು ತಲೆಯ ಮೇಲೆ ಸುತ್ತಿತು, ಮತ್ತೆ ಸುತ್ತಿತು. ಎಷ್ಟು ಕೆಳಗೆ ಬಂತೆಂದರೆ ಮಾಳಿಗೆಯ ಮೇಲಿನ ಹುಲ್ಲುಹೊರೆ ಹಾರಿಹೋಯಿತು. ನೋರಿಯಾ ಮಂಚದಿಂದ ಇಳಿದು ಬಾಗಿಲಿಗೆ ಬಂದಿದ್ದಳು.

"ಬೀಬಿಜಾನ್, ಅದು ಏನೋ ಹುಡುಕ್ತಿದೆ. ನಾನು ಹೊರಗೆ ಹೋಗಿ ಕೈ ಬೀಸ್ಲಾ?"

"ಹುಚ್ಚಿ! ಬೀಸಿದ ಕೈ ಉಳಿಯುತ್ತಾ?" ಎಂದು ಎಳೆದು ಕಂಬಳಿ ಹೊದಿಸಿ ಮೇಲೆ ನಾನೇ ಬಿದ್ದುಕೊಂಡೆ.

ಕೊನೆಗೆ ಹೋಯಿತು. ಅವರ ಕಣ್ಣಿಗೆ ಏನೂ ಬೀಳಲಿಲ್ಲ. ಯಾಕೆ ಗೊತ್ತೇ? ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟದ್ದನ್ನು ಈಗ ಹೇಳುತ್ತೇನೆ. ಕೇಳು, ನಿನ್ನ ಅಜ್ಜಿಯ ಬುದ್ಧಿಯನ್ನು ಮೆಚ್ಚು.

ಮೀಜಾನ್ ತಿಂಗಳ ನಡುವೆ, ನಿನ್ನ ಕಾಗದ ಬರುವುದಕ್ಕೂ ಮೊದಲು, ಹೈಬತ್ ದವಾಖಾನೆಯ ಮುಂದೆ ಬಂದು ನಿಂತ. ಜೊತೆಗೆ ಸೀಮೆಎಣ್ಣೆ ಡಬ್ಬ ಹಿಡಿದ ಇಬ್ಬರು.

"ಬೀಬಿ, ಬೀಗದ ಕೈ ಕೊಡಿ. ಇದು ಪರದೇಶಿಗಳ ಮನೆ, ಸುಡ್ತೀವಿ."

"ಸುಡಪ್ಪ. ನಿಮ್ಮವ್ವ ನಿನ್ನ ಹೆತ್ತದ್ದು ದನದ ಕೊಟ್ಟಿಗೇಲಿ, ನನ್ನ ಮಡಿಲಿಗೆ. ನಿನ್ನ ಹೆಣ್ಣುಮಕ್ಕಳೂ ಸಗಣಿ ಮೇಲೇ ಹೆರಲಿ."

"ಗೋಡೆ ಮೇಲೆ ಅವರ ಬಾವುಟ ಇದೆಯಲ್ಲ. ಮಾಳಿಗೆ ಮೇಲೆ ಕೆಂಪು ಗುರುತು. ಮೇಲಿಂದ ನೋಡಿದೋರಿಗೆ, ಈ ಊರು ನಮ್ಮದು ಅಂತ ಅವರು ಬರೆದಿಟ್ಟ ಹಾಗಿದೆ."

"ಅದು ದವಾಖಾನೆ ಗುರುತಿನ ಅರ್ಧಚಂದ್ರ ಕಣೋ. ಚಂದ್ರನೂ ಅವರದ್ದಾ?"

"ಬಳಿದವರು ಅವರು."

"ಕಾಣದ ಹಾಗೆ ಮಾಡಿದರೆ?"

ಅವನು ಗಡ್ಡ ತುರಿಸಿಕೊಂಡ. "ಮಾಡಿ. ಗುರುತು ಹೋದರೆ ಅದು ಊರಿನ ಮನೆ. ಹೆಂಗಸರು ಹೆರಲಿ, ನಮ್ಮದೇನೂ ತಕರಾರಿಲ್ಲ. ಗುರುತು ಮತ್ತೆ ಕಂಡ ದಿನ ಸುಡ್ತೀನಿ."

ಹಿಮಕ್ಕೆ ಮೊದಲು ಎಲ್ಲ ಮಾಳಿಗೆಗೂ ಹೊಟ್ಟು ಕಲಸಿದ ಮಣ್ಣು ಮೆತ್ತುವ ಕಾಲ ಅದು. ನಮ್ಮ ಮನೆಯ ಮಾಳಿಗೆ ಮುಗಿಸಿ ಎಲ್ಲ ಹೆಂಗಸರೂ ಅಲ್ಲಿಗೆ ಹತ್ತಿದೆವು. ಕಾಲಲ್ಲಿ ತುಳಿದು, ಕೈಯಲ್ಲಿ ಬಳಿದು, ಬಾವುಟವನ್ನೂ ಚಂದ್ರನನ್ನೂ ಸಿಮೆಂಟಿನ ಗೋಡೆಯನ್ನೂ ಮುಚ್ಚಿಬಿಟ್ಟೆವು. ಈಗ ನೋಡಿದರೆ ನಮ್ಮ ಮನೆ ಯಾವುದು, ಅದು ಯಾವುದು ಎಂದು ನನಗೇ ಒಂದು ಕ್ಷಣ ತಿಳಿಯುವುದಿಲ್ಲ. ಬಂದೂಕಿನವರಿಂದಲೂ ಉಳಿಯಿತು, ಹೆಲಿಕಾಪ್ಟರಿನವರಿಂದಲೂ ಉಳಿಯಿತು. ಒಂದು ಬುಟ್ಟಿ ಮಣ್ಣಿನಿಂದ ಎರಡು ಸೈನ್ಯಗಳನ್ನು ಗೆದ್ದವಳು ನಿನ್ನ ಅಜ್ಜಿ.

ಖೈರುದ್ದೀನ್ ಸಂಜೆ ಒಬ್ಬನೇ ಇಳಿದು ಬಂದ. ಕೋಳಿ ಹಾಗೇ ಉಳಿಯಿತು. ನೋರಿಯಾ ಗಂಟು ಬಿಚ್ಚಲಿಲ್ಲ. ನಾಳೆ ಬರಬಹುದು ಎನ್ನುತ್ತಾಳೆ.

ಸಮದ್‌ಗೆ ಇದು ಈ ವರ್ಷದ ಕೊನೆಯ ಪಯಣ. ಹೇಸರಗತ್ತೆ ಇನ್ನು ಹಿಮದಲ್ಲಿ ನಡೆಯುವುದಿಲ್ಲ. ನೀನು ಯಾಕೆ ಬರಲಿಲ್ಲ ಎನ್ನುವುದನ್ನಾದರೂ ಬರಿ.

ಬಕ್ತಾವರ್


ಸೂಲಗಿತ್ತಿ ಶಾಲೆ
ಕೌಸ್ ೨೯, ೧೩೮೮

ಬೀಬಿಜಾನ್,

ಇದನ್ನು ಪೋಲಿಯೊ ಹನಿ ಹಾಕುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಪೆಟ್ಟಿಗೆಯನ್ನು ಎರಡೂ ಕಡೆಯವರು ಮುಟ್ಟುವುದಿಲ್ಲ. ಮಂಜುಗಡ್ಡೆಯ ಕೆಳಗೆ ಇದೆ ಈ ಕಾಗದ. ಮೊದಲ ಸಲ ಹೆದರದೆ ಬರೆಯುತ್ತಿದ್ದೇನೆ.

ಆ ಹೆಲಿಕಾಪ್ಟರನ್ನು ಕಳಿಸಿದವಳು ನಾನು.

ಅದು ಹುಡುಕುತ್ತಿದ್ದದ್ದು ನೋರಿಯಾಳನ್ನು. ಗಂಟು ಕಟ್ಟಲು ಹೇಳಿದ್ದು ಅದಕ್ಕೆ. ಫಾಟಕದ ಮುಂದೆ ನಿಂತದ್ದೂ ಅದಕ್ಕೆ. ಆ ಸೈನಿಕರಲ್ಲಿ ಊರವರ ಕೆಲಸ ನೋಡಿಕೊಳ್ಳುವ ಒಬ್ಬ ಕ್ಯಾಪ್ಟನ್ ಇದ್ದಾಳೆ, ಕೆಂಪು ಕೂದಲಿನವಳು. ನಮ್ಮ ದವಾಖಾನೆ ಕಟ್ಟಿಸಿದವಳೂ ಅವಳೇ. ಮೊದಲು ಒಳಗೆ ಬಿಡಲಿಲ್ಲ. ದುಭಾಷಿ ವಹೀದ್ ಪಾಪ, ಅವನ ಹೆಂಡತಿಗೆ ನಮ್ಮ ಶಾಲೆಯಲ್ಲೇ ಹೆರಿಗೆಯಾಗಿತ್ತು, ಅದೊಂದು ಋಣಕ್ಕೆ ನನ್ನ ಜೊತೆ ನಿಂತ. ನೀನು ಅವನ ಬಗ್ಗೆ ಬರೆದದ್ದನ್ನು ಓದಿ ಆ ರಾತ್ರಿ ನಾನು ಉಣ್ಣಲಿಲ್ಲ.

ಕ್ಯಾಪ್ಟನ್ ತನ್ನ ಮೇಲಿನವರ ಜೊತೆ ಜಗಳವಾಡಿ ಒಪ್ಪಿಸಿದಳು. ಬಂದೂಕಿನವರಿರುವ ಕಣಿವೆ, ಎಲ್ಲೆಂದರಲ್ಲಿ ಇಳಿಯುವ ಹಾಗಿಲ್ಲ. ಮಾಳಿಗೆಯ ಮೇಲೆ ಕೆಂಪು ಅರ್ಧಚಂದ್ರ ಕಂಡರೆ ಅದರ ಪಕ್ಕದ ಬಯಲಿನಲ್ಲಿ ಮಾತ್ರ ಇಳಿಯಬೇಕೆಂದು ಅಪ್ಪಣೆ. ಅದಕ್ಕೇ ಹೊರಗೂ ಒಳಗೂ ಏನನ್ನೂ ಬದಲಿಸಬೇಡ ಎಂದು ಬರೆದೆ. ಎರಡು ಸಲ ಓದು ಎಂದೆ. ಸೇತುವೆಯಲ್ಲಿ ಓದುವವರಿಗೆ ತಿಳಿಯಬಾರದು, ನಿನಗೆ ತಿಳಿಯಬೇಕು. ಅಷ್ಟಕ್ಕಿಂತ ಬಿಡಿಸಿ ಹೇಗೆ ಬರೆಯಲಿ?

ಗುರುವಾರ ಸಂಜೆ ನನ್ನನ್ನು ಕರೆಸಿದರು. ಮೇಜಿನ ಮೇಲೆ ಮೇಲಿನಿಂದ ತೆಗೆದ ನಮ್ಮೂರಿನ ಫೋಟೊ. ಎಲ್ಲ ಮಣ್ಣಿನ ಮಾಳಿಗೆಗಳು, ಒಂದೂ ಹೊಗೆ ಇಲ್ಲ, ಒಬ್ಬ ಮನುಷ್ಯನಿಲ್ಲ. ವಹೀದ್ ಅವಳ ಮಾತು ತಿರುಗಿಸಿ ಹೇಳಿದ:

"ದವಾಖಾನೆ ಎಲ್ಲಿ ಅಂತ ಕೇಳ್ತಿದ್ದಾರೆ. ನಾವು ಕಟ್ಟಿದ್ದನ್ನ ಕೆಡವಿದ್ರಾ? ಬರ್ತೀವಿ ಅಂತ ತಿಳಿದೇ ಎಲ್ಲರೂ ಅಡಗಿದ್ರಾ? ಇದು ಬಲೆಯಾ?"

"ಅಲ್ಲ, ನನ್ನಾಣೆಗೂ ಅಲ್ಲ" ಎಂದೆ. ಆಕೆ ಫೋಟೊ ನನ್ನ ಕಡೆ ತಳ್ಳಿದಳು. ನಾನು ಹುಟ್ಟಿದ ಊರಿನಲ್ಲಿ ನನ್ನ ದವಾಖಾನೆಯನ್ನು ನನಗೇ ಗುರುತಿಸಲು ಆಗಲಿಲ್ಲ.

ಆಮೇಲೆ ನಿನ್ನ ಕಾಗದ ಬಂತು. ಎರಡು ಸೈನ್ಯ ಗೆದ್ದೆ ಎಂದು ಬರೆದಿದ್ದೆಯಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಪರೀಕ್ಷೆಗಾಗಿ ನಾನು ಇಲ್ಲಿ ಉಳಿದದ್ದಲ್ಲ. ಪಕ್ಕದ ಕಣಿವೆಯ ಸಹಪಾಠಿಯೊಬ್ಬಳು ಬೇಸಿಗೆಯಲ್ಲಿ ಮನೆಗೆ ಹೊರಟಳು. ಸೇತುವೆ ದಾಟಲಿಲ್ಲ. ಅವಳ ಚೀಲ ಮಾತ್ರ ನದಿಯ ದಡದಲ್ಲಿ ಸಿಕ್ಕಿತು. ಆಮೇಲೆ ಮುಂದಿನವಳ ಹೆಸರು ಶಗೂಫಾ ಎಂದು ಶಾಲೆಯ ಗೋಡೆಗೆ ಚೀಟಿ ಅಂಟಿಸಿದ್ದರು. ನಿನಗೆ ಹೇಳಿದ್ದರೆ ನೀನು ಸೇತುವೆಗೆ ಹೋಗಿ ಹೈಬತ್‌ನ ಗಡ್ಡ ಹಿಡಿಯುತ್ತಿದ್ದೆ. ಅದಕ್ಕೆ ಹೇಳಲಿಲ್ಲ.

ಕ್ಯಾಪ್ಟನ್‌ಳ ಕಾಲು ಹಿಡಿದಿದ್ದೇನೆ. ಗುರುತು ಕಾಣುವ ಫೋಟೊ ಬಂದರೆ ಇನ್ನೊಂದೇ ಒಂದು ಸಲ ಕೇಳಿನೋಡುತ್ತೇನೆ ಎಂದಿದ್ದಾಳೆ. ಅತ್ತಿಗೆ ಹೇಗಿದ್ದಾಳೆ? ಚುಕ್ಕೆಗಳು ಕುಣಿಯುತ್ತಿವೆಯೇ? ಅವಳನ್ನು ಬಿಟ್ಟು ಬೇರೆ ಏನನ್ನೂ ಬರೆಯಬೇಡ, ಬೀಬಿಜಾನ್.

ಶಗೂಫಾ


ತೂತ್‌ದರಾ
ಜದೀ ೧೧, ೧೩೮೮

ನನ್ನ ಕಂದಾ,

ಹನಿ ಹಾಕುವವರು ನಾಳೆ ಬೆಳಿಗ್ಗೆ ಹೊರಡುತ್ತಾರೆ. ಕಾಗದ ಮುಗಿಸಿದರೆ ಮತ್ತೆ ಮಾಳಿಗೆ ಹತ್ತಬೇಕು, ಆದ್ದರಿಂದ ಬೇಗ ಬೇಗ ಬರೆಯುತ್ತೇನೆ.

ನೋರಿಯಾ ಬದುಕಿದ್ದಾಳೆ. ಕೂಸು ಒದೆಯುತ್ತಿದೆ. ಮೊದಲು ಅದನ್ನು ತಿಳಿದುಕೋ, ಉಳಿದದ್ದನ್ನು ಆಮೇಲೆ ಓದು.

ಹೋದ ವಾರ ಕೈಕಾಲು ಸೆಟೆಯಿತು. ನಾಲಿಗೆ ಕಚ್ಚಿಕೊಂಡಳು. ನೀನು ಹಿಂದೆ ಹೇಳಿದ್ದ ಹಾಗೆ ಮಗ್ಗುಲಿಗೆ ತಿರುಗಿಸಿ ಹಿಡಿದೆ. ಎದ್ದಾಗ ಖೈರುದ್ದೀನನ ಗುರುತು ಸಿಗಲಿಲ್ಲ, ಸಂಜೆಗೆ ಸಿಕ್ಕಿತು. ಈಗ ಮುಖವೆಲ್ಲ ಊದಿ ಕಣ್ಣು ಎರಡು ಗೀಟಿನ ಹಾಗಿವೆ. ಚುಕ್ಕೆಗಳ ವಿಷಯ ಕೇಳಿದೆ. ಅಕ್ರಬ್ ತಿಂಗಳಿನಿಂದಲೂ ಇದ್ದವಂತೆ. ಹೇಳಿದರೆ ನೀನು ಪರೀಕ್ಷೆ ಬಿಟ್ಟು ಬಂದುಬಿಡುತ್ತೀಯೆ ಎಂದು ಹೇಳಲಿಲ್ಲವಂತೆ. ನೋಡು, ಈ ಮನೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕಾಪಾಡಿದ್ದೇ ಕಾಪಾಡಿದ್ದು.

ಸೇತುವೆಯವರು ಬಿಡುವುದಿಲ್ಲವೆಂದು, ಸೆಟೆದ ಮರುದಿನವೇ ಮಂಚಕ್ಕೆ ಕಟ್ಟಿ ಗಂಡಸರು ಅವಳನ್ನು ಘಟ್ಟಕ್ಕೆ ಹೊತ್ತರು. ಅರ್ಧ ದಾರಿಯಲ್ಲಿ ಮೇಲಿನ ಹಿಮ ಜಾರಿ ಬಂತು. ಮಂಚ ಉಳಿದದ್ದೇ ಹೆಚ್ಚು. ಖೈರುದ್ದೀನನ ಕಾಲ್ಬೆರಳು ಕಪ್ಪಾಗಿವೆ. ಇನ್ನು ಆ ದಾರಿ ಇಲ್ಲ. ಒಂಟಿ ಗಂಡಸರು ದಾಟಬಹುದು, ಬಸುರಿಯನ್ನು ಹೊತ್ತವರು ದಾಟಲಾರರು.

ನಿನ್ನ ಕಾಗದವನ್ನು ಹೊಸ್ತಿಲಲ್ಲೇ ನಿಂತು ಓದಿದೆ. ಮುಗಿಸಿದ ಮೇಲೆ ಸುಮ್ಮನೆ ಸನಿಕೆ ಎತ್ತಿಕೊಂಡು ಮಾಳಿಗೆ ಹತ್ತಿದೆ. ಅಳುವುದಕ್ಕೂ ಬೈಯುವುದಕ್ಕೂ ಹೊತ್ತಿರಲಿಲ್ಲ. ಹಿಮ ತಳ್ಳಿದರೆ ಕೆಳಗೆ ಮಣ್ಣು ಕಲ್ಲಾಗಿದೆ. ನಾವೇ ಎಷ್ಟು ಚೆನ್ನಾಗಿ ತುಳಿದಿದ್ದೆವು! ಹೆಂಗಸರು ಒಬ್ಬೊಬ್ಬರಾಗಿ ಬಂದರು. ತಂದೂರಿನ ಬಿಸಿ ಬೂದಿ ಸುರಿದೆವು, ಕುದಿವ ನೀರು ಹುಯ್ದೆವು, ಕುಡುಗೋಲಿನಲ್ಲಿ ಕೆರೆದೆವು. ಮಣ್ಣು ಎದ್ದಿತು, ಅದರ ಜೊತೆಗೇ ಕೆಂಪು ಬಣ್ಣವೂ ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಬರಿಯ ಬೂದು ಸಿಮೆಂಟು. ಅಲ್ಲಿ ಕುಕ್ಕರುಬಡಿದು ಕೂತೆ ಕಣೆ ಶಗೂಫಾ. ಆ ಹೊತ್ತಿನಲ್ಲಿ ನನ್ನ ಜೀವ ಹೋಗಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಅರ್ಬಾಬನ ಹೆಂಡತಿ ಇದ್ದಾಳಲ್ಲ, ಜುಗ್ಗಿ, ಯಾರಿಗೂ ಒಂದು ಸೂಜಿ ಕೊಡದವಳು. ಅವಳು ಮನೆಗೆ ಹೋಗಿ ತನ್ನ ಮದುವೆಯ ಕೆಂಪು ದುಪ್ಪಟಿ ತಂದು ನನ್ನ ಮುಂದೆ ಹಾಕಿದಳು.

"ಸಾಲಲ್ಲ" ಅಂದೆ.

"ಸಾಲಲ್ಲ ಅಂತ ನನಗೂ ಕಾಣುತ್ತೆ. ನಿನ್ನ ಪೆಟ್ಟಿಗೆ ಬೀಗ ತೆಗಿ ಮುದುಕಿ, ನಿಂದೂ ತಾ."

ಊರಿನ ಪೆಟ್ಟಿಗೆಗಳೆಲ್ಲ ತೆರೆದವು. ಮದುಮಗಳ ಬಟ್ಟೆ, ಕೆಂಪು ರಜಾಯಿ, ತೊಟ್ಟಿಲಿನ ಹೊದಿಕೆ, ಎಲ್ಲವನ್ನೂ ದಬ್ಬಳದಲ್ಲಿ ಹೊಲಿದು ಅರ್ಧಚಂದ್ರ ಮಾಡಿ ಹಾಸಿದ್ದೇವೆ. ಅಂಚಿಗೆ ಕಲ್ಲು ಹೇರಿದ್ದೇವೆ. ಹಿಮ ಬಿದ್ದಾಗಲೆಲ್ಲ ಹತ್ತಿ ಕೊಡವುತ್ತೇವೆ. ಮೊದಲಿನಷ್ಟು ದುಂಡಗಿಲ್ಲ, ಕುಡುಗೋಲಿನ ಹಾಗೆ ಸೊಟ್ಟಗಿದೆ. ಕ್ಯಾಪ್ಟನ್‌ಗೆ ಹೇಳು, ನಗಬಾರದು.

ಹೈಬತ್ ಇಂದು ಮಧ್ಯಾಹ್ನ ಬಂದ.

"ಬೀಬಿ, ನೀವು ಮಾತು ಮುರಿದಿರಿ."

"ಮುರಿದೆ."

"ಸುಡ್ತೀನಿ ಅಂದಿದ್ದೆ."

"ಒಳಗೆ ಬಸುರಿ ಇದ್ದಾಳೆ, ನೋಡಿ ಸುಡು."

ಅವನು ಬಾಗಿಲ ತನಕ ಹೋದ. ನೋರಿಯಾಳ ಮುಖ ಕಂಡು ಹಿಂದಕ್ಕೆ ಬಂದ.

"ಮನೆ ಸುಡಲ್ಲ. ಆದರೆ ಆ ಹೆಲಿಕಾಪ್ಟರ್ ಮತ್ತೆ ಬಂದರೆ ಹೊಡೀತೀನಿ. ನನ್ನ ಮೇಲೂ ಕೇಳೋರಿದ್ದಾರೆ ಬೀಬಿ."

"ಹೊಡಿ. ಮಾಳಿಗೆ ಮೇಲ್ಗಡೆ ನಾವು ಹೆಂಗಸರು ನಿಂತಿರ್ತೀವಿ. ಯಾರನ್ನ ಮೊದಲು ಹೊಡೀಬೇಕು ಅಂತ ಸೇತುವೇಲಿ ಕೂತು ಲೆಕ್ಕ ಹಾಕು."

ಬಂದೂಕು ಹೆಗಲಿಗೇರಿಸಿ ಸೇತುವೆಯ ಕಡೆ ಇಳಿದ. ಹೊಡೆಯುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಡೆಯುವುದಿಲ್ಲ ಎಂದು ನಿನಗೆ ಸುಳ್ಳು ಬರೆಯಲು ಲೇಖನಿ ಎತ್ತಿದ್ದೆ, ಇಳಿಸಿದೆ. ನೀನು ಇದನ್ನು ಕ್ಯಾಪ್ಟನ್‌ಗೆ ಹೇಳಲೇಬೇಕು. ಹೇಳಿದರೆ ಬಾರದೆ ಹೋಗಬಹುದು. ಆದರೂ ಹೇಳು. ಆ ಹೆಲಿಕಾಪ್ಟರಿನಲ್ಲಿ ಕೂರುವವರೂ ಯಾರೋ ಹೆತ್ತ ಮಕ್ಕಳು. ಅವನ ಬಂದೂಕುಗಳು ಸೇತುವೆಯ ಮೇಲಿನ ಗುಡ್ಡದಲ್ಲಿವೆ. ಘಟ್ಟದ ಕಡೆಯಿಂದ ಇಳಿದು ಬಂದರೆ ಅವನಿಗೆ ಕಾಣುವಷ್ಟರಲ್ಲಿ ನಾವು ನೋರಿಯಾಳನ್ನು ಹತ್ತಿಸಿರುತ್ತೇವೆ. ಇಷ್ಟು ಬರೆದ ಮೇಲೆ ಈ ಕಾಗದ ಅವನ ಕೈಗೆ ಸಿಕ್ಕರೆ ನನ್ನ ಕುತ್ತಿಗೆ ಉಳಿಯುವುದಿಲ್ಲ. ಹೋಗಲಿ, ಹಳೆಯ ಕುತ್ತಿಗೆ.

ಫಾಟಕದವರು ಒಳಗೆ ಬಿಡದಿದ್ದರೆ ಹೊರಗೇ ಕೂತು ಬಾಯಿ ಬಡಿದುಕೋ. ಕನ್ನಡಕದ ವಹೀದನಿಗೆ ನಾನು ಅಂದದ್ದನ್ನೆಲ್ಲ ವಾಪಸ್ಸು ತೆಗೆದುಕೊಂಡೆ ಎಂದು ಹೇಳು. ಅವನ ಮಕ್ಕಳು ಚೆನ್ನಾಗಿರಲಿ.

ನೋರಿಯಾ ನಿನಗೆ ಒಂದು ಮಾತು ಹೇಳಿಸಿದ್ದಾಳೆ. "ಅವಳ ತಪ್ಪಲ್ಲ ಅಂತ ಬರೀರಿ, ನಿಮ್ಮ ತಪ್ಪೂ ಅಲ್ಲ ಅಂತ ಬರೀರಿ" ಎಂದಳು. ಮೊದಲನೆಯದನ್ನು ಮಾತ್ರ ಒಪ್ಪುತ್ತೇನೆ.

ಹೊತ್ತಿಲ್ಲ ಶಗೂಫಾ. ಇನ್ನೊಂದು ಸಲ ಸೆಟೆದರೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ, ಇಬ್ಬರೂ ಉಳಿಯದಿರಬಹುದು. ದಲ್ವ್ ತಿಂಗಳು ಹುಟ್ಟಲು ಇನ್ನು ಇಪ್ಪತ್ತೇ ದಿನ, ಅದರೊಳಗೆ ನನಗೆ ಉತ್ತರ ಬೇಕು. ಕಾಗದ ಕಳಿಸಬೇಡ, ಓದುವುದಿಲ್ಲ. ಆಕಾಶದಿಂದ ಕಳಿಸು. ಬೆಳಗಿನಿಂದ ಕತ್ತಲಾಗುವವರೆಗೆ ಯಾರಾದರೊಬ್ಬರು ಮಾಳಿಗೆಯ ಮೇಲೆ ನಿಂತಿರುತ್ತೇವೆ, ಬರುವವರಿಗೆ ಹೇಳಿಡು.

ಬಕ್ತಾವರ್